ಕೆಂಪು ಬೆಳಕಿನಲ್ಲಿ ಬರೆದದ್ದು

ನನ್ನದು ಬೋರ್ಡು ಬರೆಯುವ ಕೈ.
ನಾಗವಲ್ಲಿ ಸುತ್ತಿನ ಡೇರಿ, ಗಿರಣಿ, ಗೊಬ್ಬರದಂಗಡಿ.
'ಹಾಲು' ಎಂದು ಬರೆದರೆ ಕೊನೆಯ ಕೊಂಬಿನ ಬಾಗು ನೋಡಿಯೇ
ಇದು ಗಂಗರಂಗಯ್ಯನ ಕೈ ಅನ್ನುತ್ತಿದ್ದರು ಜನ,
ಫ್ಲೆಕ್ಸು ಬರುವ ತನಕ.

ಗುಬ್ಬಿಯ ತಸ್ಲೀಮ್ ಬಂದು ಕೇಳಿದ್ದು ಅಕ್ಷರವಲ್ಲ.
"ಮುಖ ಬರೀತೀರಾ ಅಣ್ಣ, ರಾತ್ರಿ ಹೊತ್ತು?
ಒಂದಕ್ಕೆ ಐವತ್ತು ರೂಪಾಯಿ, ಟೀ ನನ್ನದು."
ಯಾರ ಮುಖ ಅಂದೆ.
ಕಾಡುಪಾಪದ್ದು ಅಂದಳು.

ಅವ್ವ ಇದ್ದಿದ್ದರೆ ಪೊರಕೆ ಹಿಡಿಯುತ್ತಿದ್ದಳು,
ಬಸುರಿಯರಿರುವ ಮನೆಯಲ್ಲಿ ಎತ್ತಬಾರದ ಹೆಸರು ಅದು.
ನಾನು ಪೆನ್ಸಿಲ್ ಚೂಪು ಮಾಡಿಕೊಂಡೆ.

ಟಾರ್ಚಿನ ಬಾಯಿಗೆ ಕೆಂಪು ಜಿಲೇಟಿನ್ ಕಾಗದ, ರಬ್ಬರ್ ಬ್ಯಾಂಡು.
ಬೇಲಿಗುಂಟ ನಡೆದೆವು: ಹೊಂಗೆ, ಜಾಲಿ, ಹಬ್ಬಿದ ಸೀಗೆ.
ಒಂದು ಕಡೆ ಎರಡು ಬೀಡಿಕೆಂಡ
ಸೇದುವವರಿಲ್ಲದೆ ಉರಿಯುತ್ತಿದ್ದವು.
ಅವಳು ಗಂಟೆ, ಮರ, ಎತ್ತರ, ಗಾಳಿಯ ತಂಪು ಬರೆದುಕೊಂಡಳು.
ನಾನು ಮೂಗಿನ ಸುತ್ತ ಕೆಂಪು ಪೆನ್ಸಿಲ್ ಎಳೆದೆ.
ಗೆರೆ ಬೀಳಲಿಲ್ಲ.
ಒತ್ತಿ ಎಳೆದೆ. ಬೀಳಲಿಲ್ಲ.
ಬೆಳಿಗ್ಗೆ ಮನೆಯಲ್ಲಿ ಹಾಳೆ ಬಿಚ್ಚಿದರೆ
ಮುಖದ ತುಂಬ ಚಾವಟಿ ಬರೆ.

ನಕ್ಕು ನಕ್ಕು ಹೇಳಿದಳು:
ಕೆಂಪು ಬೆಳಕಿಗೆ ಬಿಳಿ ಹಾಳೆಯೂ ಕೆಂಪೇ, ಕೆಂಪು ಗೆರೆಯೂ ಕೆಂಪೇ;
ಅದರ ಕಣ್ಣಿಗೆ ಮಾತ್ರ ಈ ಬೆಳಕು ಹೆಚ್ಚುಕಮ್ಮಿ ಕತ್ತಲೆ.
ಮೂವತ್ತು ವರ್ಷ ಬಣ್ಣ ಕಲಸಿದವನು ನಾನು.
ಬಣ್ಣವೂ ಸಾಲ ತಂದ ಒಡವೆ ಎಂದು
ಯಾರೂ ಹೇಳಿರಲಿಲ್ಲ.

ಆಮೇಲೆ ಬರೀ ಕಪ್ಪು.
ಸುತ್ತು, ನಡುವೆ ಚುಕ್ಕೆ: ಠ.
ಪಕ್ಕದಲ್ಲಿ ಇನ್ನೊಂದು ಠ.
ಮಠ, ಪಾಠ, ಕೊಠಡಿ ಬಿಟ್ಟರೆ
ಎಂದೂ ಕೆಲಸ ಕೊಡದ ಅಕ್ಷರ
ಈಗ ರಾತ್ರಿಗೆ ಹತ್ತು ಸಲ ಮರದಿಂದ ನನ್ನನ್ನೇ ಓದುತ್ತಿತ್ತು.

ಅವಳ ಪಟ್ಟಿಯಲ್ಲಿ ಹನ್ನೊಂದು.
ನನ್ನ ಹಾಳೆಗಳಲ್ಲಿ ಒಂಬತ್ತೇ.
"ಮೂರನೆಯದೂ ಎಂಟನೆಯದೂ ಒಂದೇ, ನೋಡಮ್ಮ,
ಎಡಗಣ್ಣಿನ ಸುತ್ತು ಕೆಳಗೆ ಕೂಡಿಲ್ಲ.
ಆರನೆಯದು, ಹತ್ತನೆಯದು, ಅದೇ ಹರಿದ ಕಿವಿ."
ಮುಖ ಸಣ್ಣದಾಯಿತು ಅವಳದು. ಮಾತಾಡಲಿಲ್ಲ.
ಮೂರು ರಾತ್ರಿ ಮತ್ತೆ ನೋಡಿ ಬಂದು
ಎರಡಕ್ಕೂ ಅಡ್ಡಗೀಟು ಹಾಕಿ ನನಗೆ ಬನ್ನು ಕೊಡಿಸಿದಳು.
ಲೆಕ್ಕ ಕಮ್ಮಿಯಾದದ್ದಕ್ಕೆ ಬನ್ನು ಕೊಡಿಸಿದವರನ್ನು
ಈ ಜಿಲ್ಲೆಯಲ್ಲಿ ನಾನು ಕಂಡಿರಲಿಲ್ಲ.

ಒಂಬತ್ತು ಮುಖ ಡೇರಿ ಗೋಡೆಗೆ ಅಂಟಿಸಿದೆವು.
ಕೆಳಗೆ ನನ್ನ ಕೈಬರಹ: ಯಾವ ಬೇಲಿ, ಯಾವ ಮರ.
ಹಾಲಿನ ಕ್ಯಾನು ಹಿಡಿದು ಸಾಲಲ್ಲಿ ನಿಂತವರು
ಮೊದಲು ಉಗುಳಿದರು, ಆಮೇಲೆ ಓದಿದರು,
ಆಮೇಲೆ "ನಮ್ಮ ಹೊಂಗೆಯದು ನಿಮ್ಮದಕ್ಕಿಂತ ಲಕ್ಷಣ" ಅಂತ ಜಗಳ.
ಲೈನ್‌ಮನ್ ದೊಡ್ಡಹನುಮ ಬಹಳ ಹೊತ್ತು ನಿಂತ.
"ಇವಳು ನಲವತ್ತೆರಡನೇ ಕಂಬದವಳಲ್ಲವೇನ್ರೀ?"
ಮರುದಿನ ತಂತಿಗೆ ತಾಗುವ ಕೊಂಬೆ ಸವರಿದವನು
ಈ ಮರಕ್ಕೂ ಆ ಮರಕ್ಕೂ ಕೈ ಕೊಟ್ಟಿದ್ದ
ಒಂದು ಕೊಂಬೆ ಬಿಟ್ಟು ಇಳಿದ.
ಒಂದೇ.

ಐದನೆಯದು ಟ್ರಾನ್ಸ್‌ಫಾರ್ಮರ್ ಬುಡದಲ್ಲಿ ಸಿಕ್ಕಿತು.
ಹಗಲಲ್ಲಿ ಮೊದಲ ಸಲ ಅದರ ಬಣ್ಣ ಕಂಡೆ,
ಮೂಗಿನ ತುದಿ ಎಳೆ ಗುಲಾಬಿ.
ಪಾಪ ಅಂದರೆ ಮಗು.
ಪಾಪ ಅಂದರೆ ಅಯ್ಯೋ.
ಪಾಪ ಅಂದರೆ ನಾವು ಮಾಡಿದ್ದು.
ಅವಳು ಅಳತೆಪಟ್ಟಿ ಹಿಡಿದು ಉದ್ದ ಬರೆದುಕೊಂಡಳು, ಅಳುತ್ತಲೇ.
ಆ ಮುಖದ ಐವತ್ತು ರೂಪಾಯಿ
ನಾನು ಕೇಳಲಿಲ್ಲ, ಅವಳು ಕೊಡಲಿಲ್ಲ.

ಇವತ್ತು ಸೆಲ್ಲು ಮುಗಿಯುತ್ತ ಬಂದಿದೆ, ಬೆಳಕು ಇಟ್ಟಿಗೆ ಬಣ್ಣ.
ಬಿಟ್ಟ ಕೊಂಬೆಯ ನಡುವೆ ಏನೋ ನಿಂತಿದೆ,
ಹೊಟ್ಟೆಗೆ ಅಂಟಿದ ಇನ್ನೊಂದು ಜೊತೆ ಕೆಂಡ.
"ಎತ್ತರ?" ಅಂದಳು.
ಹನ್ನೆರಡು ಅಡಿ ಇರಬಹುದು ಅಂದೆ.
"ಇರಬಹುದು ಬೇಡ, ಅಳೀರಿ."
ತಡಿ, ಅಂದೆ.
ಚಿಕ್ಕದು ಇನ್ನೂ ಈ ಕಡೆ ತಿರುಗಿಲ್ಲ.